ಮೊಲದ ಬೆನ್ನಿನ ಮೇಲೆ ಬಿಳಿ ಹೊಟ್ಟು, ಕೂದಲು ಗುಪ್ಪೆಯಾಗಿ ಕಿತ್ತು ಬರುತ್ತಿದೆ. ಏನಿರಬಹುದು?

ಚುಕ್ಕಿಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಚುಕ್ಕಿಗೆ ನಾಲ್ಕು ವರ್ಷ, ಹೆಣ್ಣು, ಮನೆಯೊಳಗೇ ಬೆಳೆದವಳು. ಹೊರಗೆ ಬಿಡುವುದೇ ಇಲ್ಲ. ಈಚೆಗೆ ಎರಡು ಭುಜಗಳ ನಡುವೆ, ಕತ್ತಿನ ಹಿಂದೆ ಬಿಳಿ ಹೊಟ್ಟು ಕಾಣಿಸುತ್ತಿದೆ. ಒಣಹುಲ್ಲಿನ ಧೂಳಲ್ಲ, ಒರೆಸಿದರೆ ಹೋಗುವುದಿಲ್ಲ. ಅಲ್ಲಿ ಕೂದಲನ್ನು ಮೆಲ್ಲಗೆ ಹಿಡಿದರೂ ಒಂದು ಗುಪ್ಪೆ ಹಾಗೇ ಕೈಗೆ ಬರುತ್ತದೆ, ಬುಡದಲ್ಲಿ ಹೊಟ್ಟು ಅಂಟಿಕೊಂಡಿರುತ್ತದೆ. ಕೆಳಗೆ ಚರ್ಮ ಸ್ವಲ್ಪ ಕೆಂಪು. ಅವಳು ಅಷ್ಟೇನೂ ಕೆರೆದುಕೊಳ್ಳುವುದಿಲ್ಲ. ತಿನ್ನುತ್ತಾಳೆ, ಆದರೆ ಮೊದಲಿಗಿಂತ ನಿಧಾನ. ಹಿಕ್ಕೆ ಸರಿಯಾಗಿದೆ. ಗದ್ದದ ಕೆಳಗೆ ಸ್ವಲ್ಪ ಒದ್ದೆ ಇರುತ್ತದೆ, ಅದು ಬಟ್ಟಲಲ್ಲಿ ನೀರು ಕುಡಿಯುವುದರಿಂದ ಇರಬೇಕು.

ಇನ್ನೊಂದು ವಿಷಯ, ಅವಳನ್ನು ಎತ್ತಿಕೊಳ್ಳುವ ನನ್ನ ಎಡಗೈ ಮೇಲೆ ಸಣ್ಣ ಕೆಂಪು ಗುಳ್ಳೆ ಎದ್ದಿವೆ, ಸಿಕ್ಕಾಪಟ್ಟೆ ನವೆ. ಸಂಬಂಧ ಇದೆಯಾ?

ಮನೆಯಲ್ಲಿ ಒಬ್ಬರು ಸ್ನಾನ ಮಾಡಿಸು ಅನ್ನುತ್ತಾರೆ, ಇನ್ನೊಬ್ಬರು ಎಣ್ಣೆ ಹಚ್ಚು ಅನ್ನುತ್ತಾರೆ. ನಮ್ಮ ನಾಯಿಗೆ ಚಿಗಟಕ್ಕೆ ಅಂತ ತಂದ ಹನಿ ಔಷಧಿ ಇದೆ, ಕತ್ತಿನ ಹಿಂದೆ ಬಿಡುವುದು. ಅದರಲ್ಲಿ ಒಂದೇ ಒಂದು ಹನಿ ಹಾಕಬಹುದಾ?

ಉದ್ದಕಿವಿ:

ಬೇರೆ ಎಲ್ಲ ಆಮೇಲೆ. ಆ ನಾಯಿ ಔಷಧಿಯ ಡಬ್ಬಿ ತೆಗೆದು ಅದರಲ್ಲಿ ಏನಿದೆ ಅಂತ ಓದಿ. ಫಿಪ್ರೊನಿಲ್ ಅಂತ ಇದ್ದರೆ ಮೊಲದ ಹತ್ತಿರಕ್ಕೂ ತರಬೇಡಿ. ನಾಯಿಗೆ ಏನೂ ಆಗದ ಆ ಔಷಧಿಯಿಂದ ಮೊಲಕ್ಕೆ ಫಿಟ್ಸ್ ಬರುತ್ತದೆ, ಊಟ ಬಿಡುತ್ತದೆ, ಸಾಯುವುದೂ ಉಂಟು. ಕೆಲವೊಮ್ಮೆ ಹಾಕಿದ ದಿನ ಏನೂ ಕಾಣಿಸದೆ ಆಮೇಲೆ ಶುರುವಾಗುತ್ತದೆ. ಪರ್ಮೆಥ್ರಿನ್ ಇರುವುದೂ ಬೇಡ. ಚಿಗಟದ ಪಟ್ಟಿ ಕತ್ತಿಗೆ ಕಟ್ಟುವುದೂ ಬೇಡ. ನಾಯಿಗೆ ಇವತ್ತೇ ಹಾಕಿದ್ದರೆ ಅದು ಒಣಗುವ ತನಕ ಇಬ್ಬರನ್ನೂ ಬೇರೆ ಬೇರೆ ಇಡಿ, ಯಾಕೆಂದರೆ ಮೊಲ ನಾಯಿಯನ್ನು ನೆಕ್ಕುತ್ತದೆ.

ಸ್ನಾನವೂ ಬೇಡ. ಮೊಲದ ತುಪ್ಪಳ ಎಷ್ಟು ದಟ್ಟ ಅಂದರೆ ಚರ್ಮದ ತನಕ ನೆನೆದರೆ ಒಣಗಲು ತುಂಬಾ ಹೊತ್ತು ಬೇಕು, ಅಷ್ಟರಲ್ಲಿ ಮೈ ತಣ್ಣಗಾಗುತ್ತದೆ. ಅದಕ್ಕಿಂತ ದೊಡ್ಡ ಭಯ ಬೇರೆ ಇದೆ. ನೀರಲ್ಲಿ ಗಾಬರಿಯಾಗಿ ಹಿಂಗಾಲು ಜಾಡಿಸಿ ಒದ್ದಾಗ ಮೊಲದ ಬೆನ್ನುಮೂಳೆ ಸೊಂಟದ ಹತ್ತಿರ ಅದರ ಒದೆತಕ್ಕೇ ಮುರಿಯಬಹುದು. ಎಣ್ಣೆ ಹಚ್ಚಿದರೆ ಅವಳು ಅಷ್ಟನ್ನೂ ನೆಕ್ಕಿ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ, ಜೊತೆಗೆ ಡಾಕ್ಟರಿಗೆ ಚರ್ಮ ನೋಡುವುದಕ್ಕೂ ಆಗುವುದಿಲ್ಲ.

ನೀವು ಬರೆದಿರುವ ಜಾಗ, ಬುಡದಲ್ಲಿ ಹೊಟ್ಟು ಇರುವ ಗುಪ್ಪೆ, ನಿಮ್ಮ ಕೈ ಮೇಲಿನ ಗುಳ್ಳೆ, ಮೂರೂ ಸೇರಿಸಿದರೆ ನನಗೆ ತುಪ್ಪಳದ ನುಸಿ ಅನ್ನಿಸುತ್ತದೆ. ಚೈಲೆಟಿಯೆಲ್ಲಾ ಅಂತ ಅದರ ಹೆಸರು. ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಚರ್ಮದ ಮೇಲ್ಪದರದಲ್ಲಿ ಇರುತ್ತದೆ, ಒಳಗೆ ಕೊರೆಯುವುದಿಲ್ಲ. ಮನುಷ್ಯರನ್ನೂ ಕಚ್ಚುತ್ತದೆ, ಆದರೆ ನಮ್ಮ ಮೈಯಲ್ಲಿ ಸಂಸಾರ ಹೂಡುವುದಿಲ್ಲ. ಮೊಲಕ್ಕೆ ವಾಸಿಯಾದರೆ ನಿಮ್ಮ ಕೈ ತಾನಾಗೇ ಸರಿಹೋಗುತ್ತದೆ.

ಹುಲ್ಲುಮೆದೆ:

ಉದ್ದಕಿವಿಯವರು ಹೇಳಿದ್ದು ಸರಿ. ಆದರೂ ನುಸಿ ಅಂತ ಈಗಲೇ ತೀರ್ಮಾನಿಸಬೇಡಿ. ಸುಮ್ನೆ ಕೂದಲು ಉದುರುವ ಕಾಲವೂ ಇರಬಹುದು. ಇಲ್ಲಿ ಪ್ರತಿ ಸಲ ಯಾರೋ ಒಬ್ಬರು ಬೋಳು ಜಾಗದ ಫೋಟೊ ಹಾಕಿ ಗಾಬರಿ ಬೀಳುತ್ತಾರೆ, ನೋಡಿದರೆ ಹಳೆ ಕೂದಲು ಹೋಗಿ ಹೊಸದು ಬರುತ್ತಿರುತ್ತದೆ, ಅಷ್ಟೇ.

ವ್ಯತ್ಯಾಸ ಹೇಳುತ್ತೇನೆ. ಕೂದಲು ಉದುರುವಾಗ ಬೋಳಾದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಚರ್ಮ ನಯವಾಗಿರುತ್ತದೆ, ಹೊಟ್ಟಿಲ್ಲ, ಹಕ್ಕಳೆಯಿಲ್ಲ. ಸಣ್ಣ ಹೊಸ ಕೂದಲು ಮೊಳೆತಿರುತ್ತದೆ. ಕೆಲವು ಮೊಲಗಳಲ್ಲಿ ಚರ್ಮ ಅಲ್ಲಲ್ಲಿ ದಪ್ಪಗೆ, ಕಪ್ಪಾಗಿ ಕಾಣುತ್ತದೆ. ಅದು ರೋಗ ಅಲ್ಲ, ಅಲ್ಲಿ ಕೂದಲು ಭರದಿಂದ ಬೆಳೆಯುತ್ತಿದೆ ಅಂತ ಅರ್ಥ. ಆಪರೇಷನ್‌ಗೆ ಬೋಳಿಸಿದ ಜಾಗದಲ್ಲೂ ಕೂದಲು ಹೀಗೇ ತೇಪೆ ತೇಪೆಯಾಗಿ ಬರುತ್ತದೆ. ಹಳೆಯ ಮತ್ತು ಹೊಸ ಕೂದಲಿನ ನಡುವೆ ಒಂದು ಗೆರೆ ಮೂತಿಯ ಕಡೆಯಿಂದ ಬಾಲದ ಕಡೆಗೆ ದಿನೇದಿನೇ ಸರಿಯುತ್ತದೆ.

ನುಸಿ ಆದರೆ ಗೆರೆ ಇರುವುದಿಲ್ಲ. ಹೊಟ್ಟು ದಪ್ಪ, ದೊಡ್ಡ ಚೂರುಗಳು. ಜಾಸ್ತಿ ಕಾಣುವುದು ಕತ್ತಿನ ಹಿಂದೆ ಮತ್ತು ಬಾಲದ ಬುಡದ ಮೇಲೆ. ಒಂದು ಕೆಲಸ ಮಾಡಿ. ಕಪ್ಪು ಕಾಗದದ ಮೇಲೆ ಅವಳನ್ನು ಕೂರಿಸಿ ಸಣ್ಣ ಹಲ್ಲಿನ ಬಾಚಣಿಗೆಯಿಂದ ಕೂದಲನ್ನು ಎದುರು ದಿಕ್ಕಿಗೆ ಬಾಚಿ. ಬಿದ್ದ ಹೊಟ್ಟನ್ನು ಉಸಿರು ತಾಗಿಸದೆ, ಒಳ್ಳೆ ಬೆಳಕಲ್ಲಿ ನೋಡುತ್ತಾ ಕೂತಿರಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು.

ಚುಕ್ಕಿಮನೆ:

ಫಿಪ್ರೊನಿಲ್ಲೇ ಇದೆ! ಡಬ್ಬಿ ಎತ್ತಿ ಮೇಲಿಟ್ಟೆ. ಮೊಲಕ್ಕೆ ಬಳಸಬಾರದು ಅಂತ ಸಣ್ಣ ಅಕ್ಷರದಲ್ಲಿ ಹಿಂದೆ ಬರೆದಿದ್ದಾರೆ.

ಕಪ್ಪು ಕಾಗದ ಹಾಸಿ ಬಾಚಿದೆ. ಒಂದು ಚೂರು ಹೊಟ್ಟು ನಿಂತಲ್ಲೇ ಅಲುಗಾಡಿತು, ಆಮೇಲೆ ಕಾಗದದ ಮಡಿಕೆ ಕಡೆಗೆ ಒಂದಿಷ್ಟು ಸರಿಯಿತು. ಕಿಟಕಿ ಮುಚ್ಚಿದ್ದೆ, ಫ್ಯಾನ್ ಇರಲಿಲ್ಲ. ಮೈ ಜುಮ್ಮೆಂದಿತು. ಹೊಸ ಕೂದಲಿನ ಗೆರೆ ಎಲ್ಲೂ ಇಲ್ಲ.

ಬಿಳಿಗೌನು:

ನಾನು ಪ್ರಾಣಿಗಳ ಕ್ಲಿನಿಕ್ ಒಂದರಲ್ಲಿ ಸಹಾಯಕಿ, ಡಾಕ್ಟರ್ ಅಲ್ಲ. ಅದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಓದಿ.

ನಡೆದಾಡುವ ಹೊಟ್ಟು ಕಂಡರೆ ನುಸಿ ಅನ್ನುವುದರಲ್ಲಿ ಹೆಚ್ಚು ಅನುಮಾನ ಉಳಿಯುವುದಿಲ್ಲ. ಆದರೂ ತೋರಿಸಿ. ಪಾರದರ್ಶಕ ಅಂಟುಪಟ್ಟಿಯನ್ನು ಹೊಟ್ಟಿನ ಮೇಲೆ ಒತ್ತಿ ತೆಗೆದು, ಗಾಜಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋವಿಲ್ಲ, ಬೇಗ ಮುಗಿಯುತ್ತದೆ. ಪಟ್ಟಿಯಲ್ಲಿ ಏನೂ ಸಿಗದಿದ್ದರೂ ನುಸಿ ಇಲ್ಲ ಅಂತ ಹೇಳಲಾಗುವುದಿಲ್ಲ. ಮೊಲ ತನ್ನ ಮೈ ನೆಕ್ಕಿಕೊಳ್ಳುತ್ತಾ ನುಸಿಯನ್ನು ನುಂಗಿಬಿಡುತ್ತದೆ. ಹಾಗಾಗಿ ಒಮ್ಮೊಮ್ಮೆ ಮೈಮೇಲೆ ಸಿಗದ ನುಸಿಯ ಮೊಟ್ಟೆ ಹಿಕ್ಕೆಯಲ್ಲಿ ಸಿಗುತ್ತದೆ.

ಔಷಧಿ ಅಂದರೆ ಸಾಮಾನ್ಯವಾಗಿ ಸೆಲಮೆಕ್ಟಿನ್ ಹನಿ ಅಥವಾ ಐವರ್ಮೆಕ್ಟಿನ್ ಚುಚ್ಚುಮದ್ದು. ತೂಕ ನೋಡಿ ಲೆಕ್ಕ ಹಾಕುತ್ತಾರೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಔಷಧಿ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆಯಿಂದ ದೊಡ್ಡ ನುಸಿ ಆಗುವ ತನಕ 3ರಿಂದ 5 ವಾರ ಹಿಡಿಯುತ್ತದೆ, ಅಷ್ಟು ಕಾಲವನ್ನೂ ಮುಚ್ಚುವ ಹಾಗೆ ಮತ್ತೆ ಮತ್ತೆ ಕೊಡಬೇಕು. ಜನ ಎಡವುವುದು ಇಲ್ಲೇ. ಮೊದಲ ಸಲ ಕೊಟ್ಟ ಮೇಲೆ ಹೊಟ್ಟು ಕಡಿಮೆಯಾಗುತ್ತದೆ, ಹೋಗಲಿ ಬಿಡು ಅಂತ ಎರಡನೆಯದಕ್ಕೆ ಬರುವುದೇ ಇಲ್ಲ. ಸ್ವಲ್ಪ ದಿನಕ್ಕೆ ಅದೇ ಮೊಲ, ಅದೇ ಹೊಟ್ಟು.

ಮನೆಯನ್ನೂ ನೋಡಿಕೊಳ್ಳಿ. ಈ ನುಸಿ ಮೊಲದ ಮೈ ಬಿಟ್ಟು ಸುಮಾರು 10 ದಿನ ಬದುಕಬಲ್ಲದು. ಹಾಸಿಗೆ ಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ರಟ್ಟಿನ ಗೂಡು ಇದ್ದರೆ ಎಸೆಯಿರಿ. ಜಮಖಾನ, ಸೋಫಾ ಸಂದಿ ಎಲ್ಲ ವ್ಯಾಕ್ಯೂಮ್ ಮಾಡಿ, ಅದರ ಚೀಲವನ್ನು ಅವತ್ತೇ ಹೊರಗೆ ಹಾಕಿ. ನಾಯಿ ಇದೆ ಅಂದಿರಲ್ಲ, ಅದರ ಮೈಯನ್ನೂ ತೋರಿಸಿ. ಈ ಜಾತಿಯ ನುಸಿಗಳು ನಾಯಿ, ಬೆಕ್ಕಿನ ಮೈಗೂ ಹೋಗುತ್ತವೆ.

ಇನ್ನೊಂದು ಮಾತು. ಗದ್ದ ಒದ್ದೆ, ನಿಧಾನವಾಗಿ ತಿನ್ನುತ್ತಾಳೆ ಅಂತ ಬರೆದಿದ್ದೀರಿ. ಹಲ್ಲು ನೋಡಿ ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಕೇಳಿ. ಮುಂದಿನ ಹಲ್ಲು ಮಾತ್ರ ಅಲ್ಲ, ಒಳಗಿನ ದವಡೆ ಹಲ್ಲು.

ಕರಿಮೂತಿ:

ಇಷ್ಟಕ್ಕೆಲ್ಲಾ ಡಾಕ್ಟರ್ ಯಾಕೆ ರೀ. ಕುದುರೆಗೆ ಕೊಡುವ ಐವರ್ಮೆಕ್ಟಿನ್ ಪೇಸ್ಟ್ ಸಿಗುತ್ತದೆ. ಕಡ್ಡಿಯ ತುದಿಯಷ್ಟು ತಿನ್ನಿಸಿ, ಆಯಿತು. ನಮ್ಮಲ್ಲಿ ಹಾಗೇ ಮಾಡುವುದು, ಒಂದಕ್ಕೂ ಏನೂ ಆಗಿಲ್ಲ.

ಬಿಳಿಗೌನು:

ಕರಿಮೂತಿಯವರೇ, ಆ ಪೇಸ್ಟ್ ಕೊಳವೆಯೊಂದು ನೂರಾರು ಕಿಲೋ ತೂಗುವ ಕುದುರೆಗೆ ಅಂತ ಮಾಡಿದ್ದು. ನಿಮ್ಮ ಮೊಲ ಎಷ್ಟು, ಎರಡು ಕಿಲೋ? ಕಡ್ಡಿಯ ತುದಿ ಒಂದೊಂದು ಸಲ ಒಂದೊಂದು ಅಳತೆ. ಸ್ವಲ್ಪ ಹೆಚ್ಚು ಕಡಿಮೆ ಆದರೂ ಅದು ಹಲವು ಪಟ್ಟು ಆಗಿಬಿಡುತ್ತದೆ. ಪೇಸ್ಟಿನಲ್ಲಿ ಔಷಧಿ ಎಲ್ಲ ಕಡೆ ಸಮವಾಗಿ ಬೆರೆತಿರುತ್ತದೆ ಅನ್ನುವ ಖಾತರಿಯೂ ಇಲ್ಲ. ಕೆಲವು ಪೇಸ್ಟಿನಲ್ಲಿ ಇನ್ನೊಂದು ಔಷಧಿಯೂ ಸೇರಿರುತ್ತದೆ. ಹೆಚ್ಚಾದರೆ ಮೊಲ ತೂರಾಡುತ್ತದೆ, ಮಂಕಾಗುತ್ತದೆ. ಕಡಿಮೆಯಾದರೆ ನುಸಿ ಸಾಯುವುದಿಲ್ಲ. ನಿಮಗೆ ಇಲ್ಲಿಯವರೆಗೆ ಏನೂ ಆಗಿಲ್ಲ, ಸಂತೋಷ. ಹೊಸಬರಿಗೆ ಅದನ್ನು ಹೇಳಿಕೊಡಬೇಡಿ.

ಕರಿಮೂತಿ:

ಸರಿ ಮೇಡಂ, ಹಳ್ಳಿಯಾಗಲಿ ಪಟ್ಟಣವಾಗಲಿ, ಮೊಲ ನೋಡುವ ಡಾಕ್ಟರ್ ಎಲ್ಲ ಕಡೆ ಸಿಗಬೇಕಲ್ಲ. ಅದಕ್ಕೇ ಹೇಳಿದ್ದು.

ಉದ್ದಕಿವಿ:

ಆ ಕಷ್ಟ ನಿಜವೇ. ಬರೀ ನಾಯಿ ಬೆಕ್ಕು ನೋಡುವವರಾದರೂ ಪರವಾಗಿಲ್ಲ. ನಾವು ಸರಿಯಾಗಿ ವಿವರ ಕೊಟ್ಟರೆ ಅವರೂ ಓದಿ ನೋಡಿಯೇ ಔಷಧಿ ಕೊಡುತ್ತಾರೆ. ಅದಕ್ಕೆ ನಾವು ಗಮನಿಸಬೇಕಾದದ್ದು ಜಾಗ. ಮೊಲದ ಚರ್ಮದ ತೊಂದರೆಯಲ್ಲಿ ಏನು ಕಾಣಿಸುತ್ತಿದೆ ಅನ್ನುವುದಕ್ಕಿಂತ ಎಲ್ಲಿ ಕಾಣಿಸುತ್ತಿದೆ ಅನ್ನುವುದೇ ಹೆಚ್ಚು ಹೇಳುತ್ತದೆ. ಎಷ್ಟೋ ಸಲ ಚರ್ಮದಲ್ಲಿ ತಪ್ಪೇ ಇರುವುದಿಲ್ಲ. ಹಲ್ಲು, ಮೂತ್ರಚೀಲ, ಬೊಜ್ಜು, ಗಂಟುನೋವು, ಇವು ಚರ್ಮದ ಮೇಲೆ ಬಂದು ಕಾಣಿಸಿಕೊಳ್ಳುತ್ತವೆ.

ಮೂಗು, ತುಟಿ, ಕಣ್ಣಿನ ಸುತ್ತ ಹಕ್ಕಳೆ ಕಂಡರೆ ಮೂರು ನೆನಪಿಡಿ. ಒಂದು ಕಜ್ಜಿಯ ನುಸಿ. ಇದು ಚರ್ಮದೊಳಗೆ ಕೊರೆಯುತ್ತದೆ, ಮೊಲಕ್ಕೆ ಕೂರಲು ನಿಲ್ಲಲು ಬಿಡದಷ್ಟು ನವೆ. ಮೂತಿ, ಕಿವಿಯಂಚು, ಪಂಜ ಬೂದು ಬಣ್ಣದ ಹಕ್ಕಳೆಯಿಂದ ದಪ್ಪಗಾಗುತ್ತವೆ. ಎರಡನೆಯದು ಗಜಕರ್ಣ. ದುಂಡಗೆ ಕೂದಲು ಹೋಗಿ ಅಂಚಲ್ಲಿ ಹೊಟ್ಟು. ಇದು ನಮಗೂ ಅಂಟುತ್ತದೆ, ಮಕ್ಕಳಿಗೆ ಇನ್ನೂ ಬೇಗ. ನೀಲಿ ದೀಪ ಹಿಡಿದು ಹೊಳೆಯಲಿಲ್ಲ, ಹಾಗಾಗಿ ಗಜಕರ್ಣ ಅಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊಲದಲ್ಲಿ ಜಾಸ್ತಿ ಸಿಗುವ ಟ್ರೈಕೊಫೈಟಾನ್ ಜಾತಿಯ ಶಿಲೀಂಧ್ರ ಆ ದೀಪಕ್ಕೆ ಹೊಳೆಯುವುದೇ ಇಲ್ಲ. ಕೂದಲು ಕಿತ್ತು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬೇಕು, ಅದಕ್ಕೆ ವಾರಗಳೇ ಬೇಕಾಗುತ್ತದೆ. ಮೂರನೆಯದು ಮೊಲಗಳ ಸಿಫಿಲಿಸ್. ಹೆಸರು ಕೇಳಿ ಹೆದರಬೇಡಿ, ಮನುಷ್ಯರಿಗೆ ಬರುವುದಿಲ್ಲ. ಮೂಗು, ತುಟಿಯ ಜೊತೆ ಗುಪ್ತಾಂಗದ ಸುತ್ತಲೂ ಹಕ್ಕಳೆ ಇದ್ದರೆ ಅದೇ. ಪೆನಿಸಿಲಿನ್ ಚುಚ್ಚುಮದ್ದಿಗೆ ಚೆನ್ನಾಗಿ ಬಗ್ಗುತ್ತದೆ. ಚುಚ್ಚುಮದ್ದೇ ಆಗಬೇಕು. ಪೆನಿಸಿಲಿನ್, ಅಮಾಕ್ಸಿಸಿಲಿನ್ ಬಾಯಲ್ಲಿ ಹಾಕಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಹೋಗಿಬಿಡುತ್ತದೆ.

ಗದ್ದದ ಕೆಳಗೆ, ಗಂಗೆದೊಗಲಿನ ಮಡಿಕೆಯಲ್ಲಿ ಒದ್ದೆ ಮತ್ತು ಕೆಂಪು ಇದ್ದರೆ ಹಲ್ಲು ನೋಡಬೇಕು, ಜೊಲ್ಲು ಸುರಿಯುತ್ತಿರುತ್ತದೆ. ಅಲ್ಲಿ ಕೂದಲು ಹಸಿರು ನೀಲಿಗೆ ತಿರುಗಿದರೆ ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಬಾಲದ ಕೆಳಗೆ, ತೊಡೆಯ ಒಳಗೆ ಸುಟ್ಟ ಹಾಗೆ ಕೆಂಪಾಗಿದ್ದರೆ ಮೂತ್ರ ತಾಗಿ ಆದದ್ದು. ಮೊಲದ ದೇಹ ತಿಂದ ಸುಣ್ಣದಂಶವನ್ನೆಲ್ಲ ಹೀರಿ ಮಿಕ್ಕಿದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅದು ಚೀಲದಲ್ಲಿ ಗಸಿಯಾಗಿ ಕೂತರೆ ಮೂತ್ರ ತೊಟ್ಟಿಕ್ಕುತ್ತದೆ. ಅಥವಾ ಗಂಟುನೋವಿಂದ ಹಿಂಭಾಗ ಎತ್ತಿ ಮೂತ್ರ ಮಾಡಲು ಆಗುತ್ತಿಲ್ಲ. ಆಗ ಬರೀ ಮುಲಾಮು ಹಚ್ಚುತ್ತಾ ಕೂತರೆ ಏನೂ ಪ್ರಯೋಜನ ಇಲ್ಲ.

ದವಡೆಯ ಮೇಲೆ ಗಟ್ಟಿ ಗಂಟು ಇದ್ದರೆ ಹೆಚ್ಚಾಗಿ ಹಲ್ಲಿನ ಬೇರಿನಿಂದ ಎದ್ದ ಕೀವಿನ ಗಂಟು. ನಾಯಿಗೆ ಮಾಡುವ ಹಾಗೆ ಕೊಯ್ದು ಹಿಂಡಿದರೆ ಹೋಗುವುದಿಲ್ಲ. ಮೊಲದ ಕೀವು ಟೂತ್‌ಪೇಸ್ಟಿನ ಹಾಗೆ ಗಟ್ಟಿ, ಸುತ್ತ ಒಂದು ಚೀಲವೂ ಇರುತ್ತದೆ. ಚೀಲದ ಸಮೇತ ತೆಗೆಯಬೇಕು.

ನಾಲ್ಕುಪಂಜ:

ಉದ್ದಕಿವಿ ಅಣ್ಣ, ಪಾದ ಬಿಟ್ಟುಬಿಟ್ಟಿರಿ. ನಮ್ಮದು ರೆಕ್ಸ್ ತಳಿ, ಹಿಂಗಾಲಿನ ಹಿಮ್ಮಡಿಯಲ್ಲಿ ಕೂದಲು ಹೋಗಿ ಗುಲಾಬಿ ಬಣ್ಣದ ಚರ್ಮ ಕಾಣುತ್ತಿದೆ. ಒಂದು ಕಡೆ ಸಣ್ಣ ಹಕ್ಕಳೆ. ಕುಂಟುತ್ತಿಲ್ಲ. ಕಾಲಿಗೆ ಕಾಲುಚೀಲ ಹೊಲಿದು ಹಾಕೋಣ ಅಂತಿದ್ದೇನೆ.

ಉದ್ದಕಿವಿ:

ಕಾಲುಚೀಲ ಬೇಡ ತಂಗಿ. ಅದನ್ನು ಕಚ್ಚಿ ನುಂಗುತ್ತದೆ, ಒದ್ದೆಯಾದರೆ ಹುಣ್ಣು ಇನ್ನೂ ಜಾಸ್ತಿ.

ನಾಯಿ ಬೆಕ್ಕಿನ ಹಾಗೆ ಮೊಲಕ್ಕೆ ಪಾದದಲ್ಲಿ ಮೆತ್ತೆ ಇಲ್ಲ. ಕೂದಲೇ ಅದರ ಮೆತ್ತೆ. ರೆಕ್ಸ್ ತಳಿಗೆ ಆ ಗಡಸು ಕೂದಲು ಹುಟ್ಟಿನಿಂದಲೇ ಕಡಿಮೆ. ಅದಕ್ಕೇ ಈ ತಳಿಗೆ ಬೇಗ ಹೀಗಾಗುತ್ತದೆ. ಒಂದು ಸಣ್ಣ ಬೋಳು ಜಾಗ, ಒಣಗಿದ ಚರ್ಮ, ಊತವಿಲ್ಲ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ನಿಮಗೆ ಹಕ್ಕಳೆ ಇದೆ ಅಂದರೆ ಒಂದು ಮೆಟ್ಟಿಲು ಮುಂದೆ ಹೋಗಿದೆ. ಮುಟ್ಟಿದರೆ ಬಿಸಿ, ಊತ, ಕೀವು ಕಂಡರೆ ತಡಮಾಡಬೇಡಿ. ಅಲ್ಲಿ ಚರ್ಮದ ಕೆಳಗೆ ಮಾಂಸ ಇಲ್ಲವೇ ಇಲ್ಲ ಅನ್ನಬಹುದು, ಸೋಂಕು ಮೂಳೆಗೇ ಇಳಿಯುತ್ತದೆ.

ನೆಲ ನೋಡಿ. ತಂತಿ ಜಾಲರಿಯ ಪಂಜರವಾದರೆ ಮೊದಲು ಅದನ್ನು ಬದಲಿಸಿ. ನುಣುಪು ಟೈಲ್ಸ್ ಮೇಲೂ ಒಳ್ಳೆಯದಲ್ಲ, ಗಟ್ಟಿ ನೆಲದಲ್ಲಿ ಭಾರವೆಲ್ಲ ಹಿಮ್ಮಡಿಗೇ ಬೀಳುತ್ತದೆ. ಜಮಖಾನವೂ ಒರಟಾದರೆ ಉಜ್ಜುತ್ತದೆ. ದಪ್ಪ ಒಣಹುಲ್ಲಿನ ಹಾಸು, ಇಲ್ಲವೇ ತೇವ ಕೆಳಗಿಳಿದು ಮೇಲ್ಭಾಗ ಒಣಗಿರುವಂಥ ಉಣ್ಣೆ ಬಟ್ಟೆ ಹಾಕಿ. ಆಮೇಲೆ ಉಗುರು. ಉಗುರು ಉದ್ದವಾದರೆ ಬೆರಳು ಮೇಲೆದ್ದು ಮೊಲ ಹಿಮ್ಮಡಿಯ ಮೇಲೇ ಕೂರುತ್ತದೆ. ಇದನ್ನು ಯಾರೂ ನೋಡುವುದಿಲ್ಲ. ತೂಕ ಜಾಸ್ತಿ ಇದ್ದರೆ ಕಾಳಿನಾಕಾರದ ತಿನಿಸು ಕಡಿಮೆ ಮಾಡಿ ಒಣಹುಲ್ಲು ಹೆಚ್ಚಿಸಿ.

ತೂಗುಗಿವಿ:

ನಮ್ಮ ಮೊಲ ತಲೆ ಒದರುತ್ತಾ ಇರುತ್ತದೆ. ಕಿವಿಯೊಳಗೆ ಕಂದು ಬಣ್ಣದ ಪದರ ಪದರ ಹಕ್ಕಳೆ ತುಂಬಿಕೊಂಡಿದೆ. ಹತ್ತಿ ಕಡ್ಡಿಯಿಂದ ತೆಗೆಯಲು ಹೋದರೆ ಕಿರುಚಿತು. ಮನೆಯಲ್ಲಿ ನಮಗೆ ತುರಿಕೆಗೆ ಡಾಕ್ಟರ್ ಕೊಟ್ಟ ಕ್ರೀಮ್ ಇದೆ, ಅದನ್ನು ಹಚ್ಚಿದರೆ ಸಾಕಾ?

ಬಿಳಿಗೌನು:

ದಯವಿಟ್ಟು ಆ ಹಕ್ಕಳೆ ಕೀಳಬೇಡಿ. ಅದು ಕಿವಿಯ ನುಸಿ, ಸೊರಾಪ್ಟಿಸ್. ಹಕ್ಕಳೆಯ ಕೆಳಗೆ ಚರ್ಮ ಹಸಿಯಾಗಿರುತ್ತದೆ, ಎಳೆದರೆ ರಕ್ತ ಬರುತ್ತದೆ, ಪ್ರಾಣ ಹೋಗುವಷ್ಟು ನೋವು. ಕಿರುಚುವ ಪ್ರಾಣಿಯೇ ಅಲ್ಲ ಅದು, ಕಿರುಚಿತು ಅಂದರೆ ನೀವೇ ಲೆಕ್ಕ ಹಾಕಿ. ಸರಿಯಾದ ಔಷಧಿ ಮೈಗೆ ಸೇರಿದರೆ ನುಸಿ ಸತ್ತು ಹಕ್ಕಳೆ ತಾನಾಗೇ ಒಣಗಿ ಉದುರುತ್ತದೆ. ನಾವು ಕೈ ಹಾಕುವ ಕೆಲಸವೇ ಇಲ್ಲ. ಬಿಟ್ಟರೆ ಮಾತ್ರ ಸೋಂಕು ಒಳಕಿವಿಗೆ ಹೋಗಿ ತಲೆ ಒಂದು ಕಡೆ ವಾಲಿಬಿಡಬಹುದು. ಹಾಗಾಗಿ ಬೇಗ ತೋರಿಸಿ. ಜೊತೆಗಿರುವ ಮೊಲಗಳಿಗೂ ಒಟ್ಟಿಗೇ ಔಷಧಿ ಆಗಬೇಕು.

ಕ್ರೀಮ್ ವಿಷಯ. ನಮ್ಮ ತುರಿಕೆ ಕ್ರೀಮ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಮೊಲದ ಮೈ ಸ್ಟೆರಾಯ್ಡ್ ತಡೆದುಕೊಳ್ಳುವುದಿಲ್ಲ. ಚರ್ಮದ ಮೇಲೆ ಹಚ್ಚಿದ್ದು, ಕಣ್ಣಿಗೆ, ಕಿವಿಗೆ ಬಿಟ್ಟ ಹನಿ ಕೂಡ ಮೈಗೆ ಸೇರಿ ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಗಜಕರ್ಣದ ಮೇಲೆ ಹಚ್ಚಿದರೆ ಇನ್ನೂ ಕೆಟ್ಟದು. ಎರಡು ದಿನ ಕೆಂಪು ಇಳಿದ ಹಾಗೆ ಕಾಣುತ್ತದೆ, ಒಳಗೊಳಗೇ ಹರಡುತ್ತಿರುತ್ತದೆ. ಟೀ ಟ್ರೀ ಎಣ್ಣೆಯನ್ನು ಸಹಜವಾದದ್ದು ಅಂತ ಹಚ್ಚುತ್ತಾರೆ, ಅದೂ ವಿಷವೇ.

ನೆಕ್ಕಬಾರದು ಅಂತ ಕತ್ತಿನ ಸುತ್ತ ಆಲಿಕೆಯಂಥ ಕೊರಳಪಟ್ಟಿ ಹಾಕುವ ಯೋಚನೆಯೂ ಮೊಲಕ್ಕೆ ಸುಲಭ ಅಲ್ಲ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ಬಾಯಿಂದಲೇ ತೆಗೆದು ತಿನ್ನಬೇಕು, ಅದರಲ್ಲಿ ಪೋಷಕಾಂಶ ಇರುತ್ತದೆ. ಆ ಪಟ್ಟಿ ಹಾಕಿದರೆ ಅದು ಆಗುವುದಿಲ್ಲ, ಹೆದರಿ ಊಟವನ್ನೂ ಬಿಡಬಹುದು. ಹತ್ತು ಹನ್ನೆರಡು ಗಂಟೆ ತಿನ್ನದಿದ್ದರೆ ಮೊಲದ ಕರುಳು ನಿಂತುಹೋಗುತ್ತದೆ, ಆಗ ಚರ್ಮದ ಮಾತೆಲ್ಲ ಹಿಂದೆ ಹೋಯಿತು.

ಹುಲ್ಲುಮೆದೆ:

ಬೆಚ್ಚಗಿನ ದಿನಗಳಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಹಿಂಭಾಗ. ಯಾಕೆ ಯಾರೂ ಹೇಳಲಿಲ್ಲ? ಮನೆಯೊಳಗಿನ ಮೊಲಕ್ಕೂ ಹುಳ ಬೀಳುತ್ತದೆ. ಒಂದು ಹಸಿರು ನೊಣ ಒಳಗೆ ಬಂದರೆ ಸಾಕು. ಬಾಲದ ಕೆಳಗೆ ಮೆತ್ತನೆಯ ಹಿಕ್ಕೆ ಮೆತ್ತಿಕೊಂಡಿದ್ದರೆ, ಮೂತ್ರದಿಂದ ಒದ್ದೆಯಾಗಿದ್ದರೆ ಅಲ್ಲಿ ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಮೊಟ್ಟೆ ಒಡೆದು ಹುಳಗಳು ಚರ್ಮವನ್ನೇ ತಿನ್ನಲು ಶುರು ಮಾಡುತ್ತವೆ. ದಪ್ಪ ಮೊಲ, ವಯಸ್ಸಾದ ಮೊಲ ಅಲ್ಲಿಗೆ ಬಾಯಿ ಚಾಚಿ ಶುಚಿ ಮಾಡಿಕೊಳ್ಳಲಾರದು.

ಕೂದಲಿನ ಬುಡದಲ್ಲಿ ತೆಳ್ಳಗೆ, ಉದ್ದವಾಗಿ, ಹಳದಿ ಬಿಳಿ ಬಣ್ಣದ ಗೊಂಚಲು ಕಂಡರೆ ಅದೇ ಮೊಟ್ಟೆ. ಬಾಚಣಿಗೆಯಲ್ಲಿ ತೆಗೆಯಬಹುದು. ಹುಳ ಕಂಡರೆ ಮಾತ್ರ ಮನೆಯಲ್ಲಿ ತೆಗೆಯುತ್ತಾ ಕೂರಬೇಡಿ, ರಾತ್ರಿಯಾದರೂ ಎತ್ತಿಕೊಂಡು ಹೊರಡಿ. ಕಾಣುವ ಹುಳ ಹತ್ತಾದರೆ ಒಳಗೆ ಎಷ್ಟಿವೆಯೋ ಯಾರಿಗೆ ಗೊತ್ತು, ಮೊಲ ಆಘಾತದಲ್ಲೇ ಸಾಯುತ್ತದೆ. ಬೆಚ್ಚಗಿನ ದಿನಗಳಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಾಲ ಎತ್ತಿ ನೋಡಿ.

ಹಿಂಭಾಗ ಕೊಳೆಯಾಗಿದ್ದರೆ ಅಷ್ಟು ಜಾಗವನ್ನು ಮಾತ್ರ ಉಗುರುಬೆಚ್ಚಗಿನ ಉಪ್ಪುನೀರಿನ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ. ಅರ್ಧ ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸ ಒಂದು ಟೀ ಚಮಚ ಉಪ್ಪು. ಉಜ್ಜಬೇಡಿ. ಆಮೇಲೆ ಪೂರ್ತಿ ಒಣಗಿಸಿ.

ನೆರಳುಮರ:

ಹಿಂಭಾಗದ ವಿಷಯ ಬಂತಲ್ಲ, ಒಂದು ಅನುಮಾನ. ನಮ್ಮ ಗಂಡು ಮೊಲಕ್ಕೆ ತೊಡೆಸಂದಿಯ ಎರಡೂ ಕಡೆ ಸಣ್ಣ ಜೇಬಿನಂಥ ಮಡಿಕೆಯಲ್ಲಿ ಕಪ್ಪು ಮೇಣದಂಥದ್ದು ಇದೆ, ಗಬ್ಬು ವಾಸನೆ. ಸೋಂಕಾ? ಮತ್ತೆ ಹೊಟ್ಟೆಯ ಬದಿಯಲ್ಲಿ ಕೂದಲು ಗಂಟುಕಟ್ಟಿದೆ, ಕತ್ತರಿಯಿಂದ ತೆಗೆಯಬಹುದಾ?

ಉದ್ದಕಿವಿ:

ಕಪ್ಪು ಮೇಣ ರೋಗ ಅಲ್ಲ. ಅದು ವಾಸನೆಯ ಗ್ರಂಥಿ, ಎಲ್ಲ ಮೊಲಗಳಿಗೂ ಇದೆ. ತುಂಬಾ ಕಟ್ಟಿಕೊಂಡಿದ್ದರೆ ಬೆಚ್ಚಗಿನ ನೀರಿನ ಹತ್ತಿಯಿಂದ ಮೆದುಮಾಡಿ ತೆಗೆಯಿರಿ. ಕೆಂಪು, ಊತ ಇದ್ದರೆ ಮಾತ್ರ ಯೋಚನೆ ಮಾಡಬೇಕು. ನೋಡುವಾಗ ಮೊಲವನ್ನು ಅಂಗಾತ ಮಲಗಿಸಬೇಡಿ. ಹಾಗೆ ಮಲಗಿ ಅಲುಗಾಡದೆ ಇದ್ದರೆ ಹಾಯಾಗಿದೆ ಅಂತಲ್ಲ, ಭಯದಿಂದ ಮರಗಟ್ಟಿರುತ್ತದೆ. ಒಬ್ಬರು ಎದೆಗೂ ಹಿಂಗಾಲಿಗೂ ಕೈ ಕೊಟ್ಟು ನೆಟ್ಟಗೆ ಹಿಡಿದರೆ ಇನ್ನೊಬ್ಬರು ನೋಡಬಹುದು.

ಗಂಟಿಗೆ ಕತ್ತರಿ ಖಂಡಿತ ಬೇಡ. ಮೊಲದ ಚರ್ಮ ತೀರಾ ತೆಳು. ಗಂಟನ್ನು ಹಿಡಿದು ಎತ್ತಿದರೆ ಅದರ ಜೊತೆ ಚರ್ಮವೂ ಡೇರೆಯಂತೆ ಮೇಲೇಳುತ್ತದೆ. ಕೂದಲಿನ ಬಣ್ಣದ ಮರೆಯಲ್ಲಿ ಅದು ಕಾಣುವುದೇ ಇಲ್ಲ, ಕತ್ತರಿ ಹಾಕಿದರೆ ತುಂಡು ಚರ್ಮವೇ ಬಂದುಬಿಡುತ್ತದೆ. ಬೆರಳಿಂದ ಬುಡ ಒತ್ತಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ. ಒಂದೇ ದಿನ ಮುಗಿಸಬೇಕು ಅಂತೇನೂ ಇಲ್ಲ. ಬಿಡದಿದ್ದರೆ ಕ್ಲಿನಿಕ್‌ನಲ್ಲಿ ಯಂತ್ರದಿಂದ ತೆಗೆಸಿ.

ನೆರಳುಮರ:

ಒಳ್ಳೆಯದಾಯ್ತು ಕೇಳಿದ್ದು. ಜೊತೆಯ ಹೆಣ್ಣು ಮೊಲ ತನ್ನ ಎದೆಯ ಕೂದಲು ತಾನೇ ಕಿತ್ತುಕೊಳ್ಳುತ್ತಿದೆ. ಅದಕ್ಕೂ ನುಸಿಯಾ?

ಹುಲ್ಲುಮೆದೆ:

ಕಿತ್ತ ಕೂದಲನ್ನು ಬಾಯಲ್ಲಿ ಕಚ್ಚಿಕೊಂಡು ಮೂಲೆಗೆ ಒಯ್ದು ಗೂಡು ಮಾಡುತ್ತಿದ್ದರೆ ಅದು ಸುಳ್ಳು ಬಸಿರು. ಎರಡು ಎರಡೂವರೆ ವಾರಕ್ಕೆ ನಿಲ್ಲುತ್ತದೆ. ಆದರೆ ಗಂಡಿನ ಜೊತೆಗಿದ್ದರೆ ನಿಜವಾದ ಬಸಿರೇ ಇರಬಹುದು, ಮೊದಲು ಅದನ್ನು ನೋಡಿಸಿ. ಮತ್ತೆ ಮತ್ತೆ ಸುಳ್ಳು ಬಸಿರಾಗುತ್ತಿದ್ದರೆ ಗರ್ಭಕೋಶ ತೆಗೆಸುವ ಬಗ್ಗೆ ಕೇಳಿ. ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಜಾಸ್ತಿ.

ಕರಿಮೂತಿ:

ಕಣ್ಣಿನ ರೆಪ್ಪೆ ಊದಿಕೊಂಡು ಮುಚ್ಚಿದ ಮೊಲ ಒಂದನ್ನು ನೋಡಿದ್ದೆ. ಕಿವಿ ಬುಡವೂ ಗಂಟು ಗಂಟು. ಅದು ಯಾವ ನುಸಿ?

ಬಿಳಿಗೌನು:

ಅದು ನುಸಿ ಅಲ್ಲ, ಮಿಕ್ಸೊಮಟೋಸಿಸ್ ಇರಬಹುದು. ವೈರಸ್ಸು. ಸೊಳ್ಳೆ, ಚಿಗಟ ಹರಡುತ್ತವೆ, ಹಾಗಾಗಿ ಮನೆಯೊಳಗಿದ್ದರೂ ಬರುತ್ತದೆ. ಆಸ್ಟ್ರೇಲಿಯಾದಲ್ಲಿ 1950ರಲ್ಲಿ ಕಾಡುಮೊಲಗಳನ್ನು ಕಡಿಮೆ ಮಾಡಲು ಅಂತ ಬೇಕೆಂದೇ ಬಿಟ್ಟರಲ್ಲ, ಅದೇ ರೋಗ. ಬ್ರಿಟನ್‌ನಲ್ಲಿ ಸಾಕುಮೊಲಗಳಿಗೆ ಲಸಿಕೆ ಕೊಡುತ್ತಾರೆ, ಆಸ್ಟ್ರೇಲಿಯಾದಲ್ಲಿ ಕೊಡುವ ಹಾಗಿಲ್ಲ. ರೆಪ್ಪೆ ಮತ್ತು ಗುಪ್ತಾಂಗ ಎರಡೂ ಊದಿದ್ದರೆ ಬೇರೆ ಮೊಲಗಳಿಂದ ದೂರ ಇಟ್ಟು ಅವತ್ತೇ ತೋರಿಸಬೇಕು.

ಚುಕ್ಕಿಮನೆ:

ಡಾಕ್ಟರ್ ಹತ್ತಿರ ಹೋಗಿ ಬಂದೆವು. ಅಂಟುಪಟ್ಟಿಯಲ್ಲಿ ನುಸಿ ಸಿಕ್ಕಿತು, ನನಗೂ ತೋರಿಸಿದರು. ಬಾಯಿಯ ಹತ್ತಿರ ಎರಡು ಕೊಕ್ಕೆ ಇದ್ದವು. ಸೆಲಮೆಕ್ಟಿನ್ ಹನಿ ಬಿಟ್ಟರು.

ಬಿಳಿಗೌನು ಮೇಡಂ ಹೇಳಿದ ಹಾಗೆ ಹಲ್ಲು ನೋಡಿ ಅಂತ ಕೇಳಿದೆ. ದೀಪ ಇರುವ ಸಣ್ಣ ಕೊಳವೆಯನ್ನು ಬಾಯೊಳಗೆ ಬಿಟ್ಟು ನೋಡಿದರು. ಕೆಳಗಿನ ದವಡೆ ಹಲ್ಲೊಂದರ ಒಳ ಅಂಚು ಚೂಪಾಗಿ ಬೆಳೆದು ನಾಲಿಗೆಗೆ ಚುಚ್ಚುತ್ತಿದೆಯಂತೆ. ಗದ್ದ ಒದ್ದೆಯಾಗಿದ್ದು ನೀರಿನಿಂದ ಅಲ್ಲ, ಜೊಲ್ಲು. ನಾಲಿಗೆ ನೋಯುವುದರಿಂದ ಮೈ ನೆಕ್ಕಿಕೊಳ್ಳುವುದನ್ನು ಕಡಿಮೆ ಮಾಡಿದ್ದಾಳೆ, ಅದಕ್ಕೇ ನುಸಿ ಇಷ್ಟು ಹೆಚ್ಚಿತು ಅಂದರು. ಸ್ವಲ್ಪ ನುಸಿ ಎಷ್ಟೋ ಮೊಲಗಳ ಮೈಯಲ್ಲಿ ಸುಮ್ನೆ ಇರುತ್ತದಂತೆ, ಮೈ ಶುಚಿ ಮಾಡಿಕೊಳ್ಳುವ ಮೊಲಕ್ಕೆ ಅದರಿಂದ ತೊಂದರೆ ಆಗುವುದಿಲ್ಲವಂತೆ. ಅರಿವಳಿಕೆ ಕೊಟ್ಟು ಹಲ್ಲು ಸವರಲು ದಿನ ಕೊಟ್ಟಿದ್ದಾರೆ, ಅಲ್ಲಿಯ ತನಕ ನೋವಿನ ಔಷಧಿ.

ನನ್ನದು ಎರಡು ಪ್ರಶ್ನೆ. ಆಪರೇಷನ್‌ಗೆ ಮೊದಲು ಹೊಟ್ಟೆ ಖಾಲಿ ಇಡಬೇಕಾ? ಮತ್ತೆ ಹನಿ ಬಿಟ್ಟ ಮೇಲೂ ಹೊಟ್ಟು ಹಾಗೇ ಇದೆ, ಕೆಲಸ ಮಾಡಲಿಲ್ಲವಾ?

ಬಿಳಿಗೌನು:

ಖಾಲಿ ಹೊಟ್ಟೆ ಬೇಡವೇ ಬೇಡ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಉಪವಾಸ ಇಟ್ಟರೆ ಕರುಳು ನಿಲ್ಲುವ ಅಪಾಯವೇ ಹೆಚ್ಚು. ಒಣಹುಲ್ಲು ಕೊನೆಯ ತನಕ ಮುಂದೆ ಇರಲಿ, ಕ್ಲಿನಿಕ್‌ಗೂ ಒಂದು ಚೀಲ ತೆಗೆದುಕೊಂಡು ಹೋಗಿ. ಎಚ್ಚರವಾದ ಮೇಲೆ ಪರಿಚಯದ ವಾಸನೆಯ ಹುಲ್ಲು ಇದ್ದರೆ ಬೇಗ ಬಾಯಿ ಹಾಕುತ್ತಾಳೆ. ಆದರೂ ನಿಮ್ಮ ಡಾಕ್ಟರ್ ಏನಾದರೂ ಬೇರೆ ಹೇಳಿದ್ದರೆ ಅವರನ್ನೇ ಮತ್ತೊಮ್ಮೆ ಕೇಳಿ.

ಹೊಟ್ಟು ಒಂದೇ ಸಲಕ್ಕೆ ಹೋಗುವುದಿಲ್ಲ. ಈಗಾಗಲೇ ಸಡಿಲವಾದ ಚರ್ಮ ಉದುರಬೇಕು. ಆ ಕೂದಲು ಹೋಗಿ ಹೊಸದು ಬರಬೇಕು. ದಿನಕ್ಕೊಮ್ಮೆ ಮೆತ್ತಗೆ ಬಾಚಿ. ಹನಿ ಬಿಟ್ಟ ಜಾಗ ಒಣಗುವ ತನಕ ಮಾತ್ರ ಮುಟ್ಟಬೇಡಿ. ಎರಡನೆಯ ಹನಿಯ ತಾರೀಖು ಬರೆಸಿಕೊಂಡಿರಾ?

ಚುಕ್ಕಿಮನೆ:

ಬರೆಸಿಕೊಂಡೆ. ನಾಯಿಗೂ ಅದೇ ದಿನ ತೋರಿಸುತ್ತೇನೆ. ಹಲ್ಲಿನ ಚೂಪು ಮತ್ತೆ ಬೆಳೆಯುತ್ತದಾ?

ಉದ್ದಕಿವಿ:

ಬೆಳೆಯಬಹುದು. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಮುಂದಿನ ಹಲ್ಲಂತೂ ವಾರಕ್ಕೆ 2ರಿಂದ 3 ಮಿಲಿಮೀಟರ್. ದವಡೆ ಹಲ್ಲು ಸವೆಯುವುದು ಒಣಹುಲ್ಲನ್ನು ಅಡ್ಡಡ್ಡ ಅರೆಯುವಾಗ, ಕಾಳಿನಾಕಾರದ ತಿನಿಸಿನಲ್ಲಿ ಆ ಕೆಲಸ ಆಗುವುದಿಲ್ಲ. ಕೆಲವು ಮೊಲಗಳಿಗೆ ಒಂದು ಸಲ ಸವರಿದರೆ ಸಾಕು, ಕೆಲವಕ್ಕೆ ಕೆಲವು ತಿಂಗಳಿಗೊಮ್ಮೆ ಬೇಕಾಗುತ್ತದೆ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಗದ್ದದ ಕೆಳಗೆ ಕೈ ಹಾಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ, ಅಲ್ಲಿ ಮತ್ತೆ ಒದ್ದೆ ಕಂಡರೆ ಹೊಟ್ಟು ಬರುವ ತನಕ ಕಾಯಬೇಡಿ.